ನೀರು ತಡೆದ ಕರಿಕಲ್ಲು: ಎರಡು ತೋಟ, ಒಂದು ಡೈಕ್

ಶಿರಸಿ ತಾಲ್ಲೂಕಿನ ಒಂದು ಕಣಿವೆಯಲ್ಲಿ 2022ರಿಂದ 2025ರ ನಡುವೆ ನಡೆದ ಸಂಗತಿ ಇದು. ಊರಿನ ಹೆಸರು, ಮನೆತನದ ಹೆಸರು ಬಿಟ್ಟಿದ್ದೇನೆ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಮುಖ್ಯರಾದ ಇಬ್ಬರನ್ನು ಅಣ್ಣ, ತಮ್ಮ ಎಂದೇ ಕರೆಯುತ್ತೇನೆ, ಏಕೆಂದರೆ ಅವರು ಅಣ್ಣತಮ್ಮಂದಿರೇ. ಬರೆಯಲು ಇಬ್ಬರೂ ಒಪ್ಪಿದ್ದಾರೆ. ತಮ್ಮ ಮಾತ್ರ ಒಂದು ಷರತ್ತು ಹಾಕಿದ: "ಬರೆಯಿರಿ ಮಾಸ್ತರರೇ, ಆದರೆ ನಿಮ್ಮ ತಪ್ಪನ್ನೂ ಬರೆಯಬೇಕು." ಬರೆದಿದ್ದೇನೆ.

ಹಿನ್ನೆಲೆ

ಎರಡೂ ಮಗ್ಗುಲಲ್ಲಿ ಸೊಪ್ಪಿನ ಬೆಟ್ಟ, ನಡುವೆ ಅಡಿಕೆ ತೋಟ, ತೋಟದ ನಡುವೆ ಹಳ್ಳ. ಈ ಸೀಮೆಯಲ್ಲಿ ವರ್ಷಕ್ಕೆ 2500 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. ಕೊಳೆರೋಗಕ್ಕೆ ಹೆದರಿ ಮದ್ದು ಹೊಡೆಸುವಷ್ಟು ಮಳೆ, ಏಪ್ರಿಲ್ ಬಂದರೆ ಕೊಡ ಹಿಡಿದು ನಿಲ್ಲುವಷ್ಟು ಬರ, ಎರಡೂ ಒಂದೇ ತೋಟಕ್ಕೆ. ಇದು ಹೊರಗಿನವರಿಗೆ ಒಗಟು, ಇಲ್ಲಿಯವರಿಗೆ ರೂಢಿ.

2008ರಲ್ಲಿ ಆಸ್ತಿ ಪಾಲಾಯಿತು. ಹಳೆಯ ಮನೆ, ಬಾವಿ, ಕಣಿವೆಯ ಮೇಲಿನ ತೋಟ ಅಣ್ಣನಿಗೆ. ಕೆಳಗಿನ ತೋಟ ತಮ್ಮನಿಗೆ. ಪಾಲುಪಟ್ಟಿಯನ್ನು ನಾನು ಓದಿದ್ದೇನೆ. ಫಲ ಬಿಡುವ ಮರ, ಸಸಿ, ತೆಂಗು, ಕಾಳುಮೆಣಸಿನ ಬಳ್ಳಿ, ಕೊಟ್ಟಿಗೆಯ ಹಂಚು ಕೂಡ ಎಣಿಸಿ ಬರೆದಿದ್ದರು. ನೀರಿನ ಮಾತು ಒಂದು ಸಾಲಿನಲ್ಲೂ ಇರಲಿಲ್ಲ. ಆ ಕಾಲಕ್ಕೆ ಅದರ ಅಗತ್ಯವೂ ಕಂಡಿರಲಿಲ್ಲ. ಮೇಲಿನ ತೋಟದ ಅಬ್ಬಿಯಿಂದ, ಎಂದರೆ ಬೆಟ್ಟದ ಒರತೆಯಿಂದ, ಹರಿದ ನೀರು ದಂಬೆಯಲ್ಲಿ (ಸೀಳಿದ ಅಡಿಕೆ ಮರದ ದೋಣಿಯಲ್ಲಿ), ಆಮೇಲೆ ಕಾಲುವೆಯಲ್ಲಿ ಕೆಳಗಿನ ತೋಟಕ್ಕೆ ತಾನೇ ಬರುತ್ತಿತ್ತು. ಕೆಲವು ವರ್ಷಗಳ ಬಳಿಕ ಅಣ್ಣ ಬಾವಿಗೆ ಮೋಟಾರು ಕೂರಿಸಿ ಸ್ಪ್ರಿಂಕ್ಲರ್ ಹಾಕಿದರು. ಕಾಲುವೆಯ ನೀರು ಮಾರ್ಚ್‌ವರೆಗೆ, ಆಮೇಲೆ ಜನವರಿವರೆಗೆ, ಆಮೇಲೆ ದೀಪಾವಳಿವರೆಗೆ ಎಂದು ಹಿಂದೆ ಸರಿಯಿತು. ಅಣ್ಣ ನೀರು ಕದ್ದರು ಎನ್ನುವಂತಿಲ್ಲ, ಬೇಕೆಂದೇ ತಡೆದರು ಎನ್ನುವಂತೆಯೂ ಇಲ್ಲ. ಉಳಿಯಲಿಲ್ಲ, ಅಷ್ಟೇ.

ತಮ್ಮ 38 ಅಡಿ ಬಾವಿ ತೋಡಿಸಿದ. ಏಪ್ರಿಲ್‌ನಲ್ಲಿ ಅದರ ತಳದಲ್ಲಿ ಕಪ್ಪೆಗಳೂ ಇರಲಿಲ್ಲ. ಇನ್ನೂರು ಹೆಜ್ಜೆ ಮೇಲೆ, ಅಣ್ಣನ ಬಾವಿಯಲ್ಲಿ ಅದೇ ದಿನ ನೀರು ಸಿಗುತ್ತಿದ್ದದ್ದು 11 ಅಡಿಗೆ. ನೀರು ತಗ್ಗಿಗೆ ಹರಿಯುತ್ತದೆ ಎಂಬುದನ್ನು ಮಗುವೂ ಬಲ್ಲದು. ಮೇಲಿನ ಬಾವಿ ತುಂಬಿದ್ದು ಕೆಳಗಿನದು ಒಣಗಿದರೆ ಯಾರಿಗಾದರೂ ಅನುಮಾನ ಬರುವುದು ಸಹಜ. ದಾಯಾದಿಗಳಲ್ಲಿ ಆ ಅನುಮಾನ ಕಲ್ಲಿನ ಮೇಲೆ ಹೋಗುವುದಿಲ್ಲ, ಮನುಷ್ಯರ ಮೇಲೆಯೇ ಹೋಗುತ್ತದೆ. ನಾನು ಭೂವಿಜ್ಞಾನ ಪಾಠ ಹೇಳಿದವನು; ನೀರಿನ ಜಾಗ ತೋರಿಸಲು ತಮ್ಮ ಕರೆಸಿ ನಾನು ಹೋದ ಹೊತ್ತಿಗೆ ಇಬ್ಬರೂ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಅವರ ತಾಯಿ, ಆಯಿಯ ಔಷಧದ ಚೀಟಿ ಮಾತ್ರ ಆ ಮನೆಯಿಂದ ಈ ಮನೆಗೆ ಓಡಾಡುತ್ತಿತ್ತು.

ಮೂರು ರಾಶಿ

ನನ್ನನ್ನು ಕರೆಸುವ ಮೊದಲೇ ತಮ್ಮ ಎರಡು ಬೋರ್‌ವೆಲ್ ಕೊರೆಸಿದ್ದ. ಮೊದಲನೆಯದಕ್ಕೆ ಜಾಗ ತೋರಿಸಿದವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವವರು. ಎರಡೂ ತೋಟಗಳ ಗಡಿಯಲ್ಲಿ ಕರಿಕಲ್ಲಿನ ಉಂಡೆಗಳು ಸಾಲಾಗಿ ಬಿದ್ದಿರುವ ಏರು ಒಂದಿದೆ. ಅದರ ನೆತ್ತಿಯ ಮೇಲೆ ಕಾಯಿ ನೆಟ್ಟಗೆ ನಿಂತಿತಂತೆ. 320 ಅಡಿ ಕೊರೆದರು, ಧೂಳು ಬಿಟ್ಟರೆ ಬೇರೇನೂ ಬರಲಿಲ್ಲ. ಎರಡನೆಯದನ್ನು ಸ್ವಂತ ಲೆಕ್ಕದಲ್ಲಿ ತೋಟದ ತಳಭಾಗದಲ್ಲಿ 410 ಅಡಿ ಕೊರೆಸಿದ. ಕೊಡ ತುಂಬುವಷ್ಟು ತೇವ ಸಿಕ್ಕಿತು.

ಮೂರನೆಯದು ನನ್ನದು. 2022ರ ಏಪ್ರಿಲ್ ಕೊನೆಯಲ್ಲಿ ಉಪಕರಣ ಹೊತ್ತುಕೊಂಡು ಹೋದೆ. ನೆಲಕ್ಕೆ ನಾಲ್ಕು ಕಡ್ಡಿ ಊರಿ, ಹೊರಗಿನ ಎರಡರಿಂದ ವಿದ್ಯುತ್ ಹರಿಸಿ, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುವ ವಿಧಾನವದು. ಒಣ ಬಂಡೆ ವಿದ್ಯುತ್ತನ್ನು ತಡೆಯುತ್ತದೆ, ನೀರು ತುಂಬಿದ ಬಿರುಕು ಹಾಯಲು ಬಿಡುತ್ತದೆ. ಒಂದು ಕಡೆ ತಡೆ ಬಹಳ ಕಡಿಮೆ ಬಂತು. ಖುಷಿಯಾಗಿ ಗೂಟ ಹೊಡೆದೆ. ಅರವತ್ತು ಅಡಿಯಿಂದ ಬಿಳಿ ಗಂಜಿಯಂಥದ್ದು ಉಕ್ಕಿತು. ನೂರು ದಾಟಿದ ಮೇಲೆ ಗೋಡೆ ಕುಸಿದು ಡ್ರಿಲ್ಲಿನ ಬಾಯಿ ಸಿಕ್ಕಿಕೊಂಡಿತು, 180ಕ್ಕೆ ಕೈಬಿಟ್ಟರು. ಅದು ಶೇಡಿ ಮಣ್ಣು. ನಮ್ಮ ಮನೆಗಳಲ್ಲಿ ಹಬ್ಬಕ್ಕೆ ಗೋಡೆ ಮೇಲೆ ಚಿತ್ತಾರ ಬರೆಯುವ ಅದೇ ಬಿಳಿ ಮಣ್ಣು. ಜೇಡಿಯೂ ವಿದ್ಯುತ್ತನ್ನು ಚೆನ್ನಾಗಿಯೇ ಹಾಯಲು ಬಿಡುತ್ತದೆ, ನೀರನ್ನು ಮಾತ್ರ ಕೈಬಿಡುವುದಿಲ್ಲ. ಇದನ್ನು ಪಾಠ ಹೇಳುವಾಗ ನೂರು ಸಲ ಹೇಳಿದವನು ನಾನೇ. ಮುರಕಲ್ಲಿನ ಸೀಮೆಯಲ್ಲಿ ಕಡಿಮೆ ತಡೆ ಕಂಡರೆ ಮೊದಲು ಜೇಡಿಯನ್ನು ಅನುಮಾನಿಸಬೇಕಿತ್ತು. ಅವತ್ತು ಯಂತ್ರದ ಅಂಕಿಯನ್ನು ನೋಡಿದೆ, ನೆಲವನ್ನು ನೋಡಲಿಲ್ಲ.

ತಮ್ಮ ಬೈಯಲಿಲ್ಲ. ಚಹಾ ಕೊಟ್ಟ. ಅದೇ ಹೆಚ್ಚು ಚುಚ್ಚಿತು.

ನವೆಂಬರ್‌ನಲ್ಲಿ ಉಪಕರಣ ಬಿಟ್ಟು ಬರಿಗೈಯಲ್ಲಿ ಹೋದೆ. ಮೂರೂ ಬೋರ್‌ವೆಲ್‌ಗಳ ಪಕ್ಕದಲ್ಲಿ ಕೊರೆದ ಪುಡಿಯ ರಾಶಿಗಳು ಹಾಗೆಯೇ ಬಿದ್ದಿದ್ದವು. ಒಂದು ಮಳೆಗಾಲ ಕಳೆದಿದ್ದರಿಂದ ಮೇಲಿನದು ಕೊಚ್ಚಿಹೋಗಿ ಒಳಗಿನ ಬಣ್ಣ ಚೆನ್ನಾಗಿ ಕಾಣುತ್ತಿತ್ತು. ನನ್ನ ರಾಶಿ ಸುಣ್ಣದಂತೆ ಬಿಳಿ. ತೋಟದ ತಳದ್ದು ಅಕ್ಕಿ ತರಿಯಂತೆ ಬೂದುಬಿಳಿ, ನಡುನಡುವೆ ಅಭ್ರಕದ ಮಿಣುಕು; ಅದು ನೈಸ್ ಶಿಲೆ, ಈ ಧಾರವಾಡ ಭೂಭಾಗದ ತಳಪಾಯ, 250 ಕೋಟಿ ವರ್ಷಗಳಿಗಿಂತ ಹಳೆಯದು. ಏರಿನ ಮೇಲಿನ ರಾಶಿ ಮಾತ್ರ ಬೇರೆ. ಒದ್ದೆ ಬೂದಿಯಂತೆ ಕಪ್ಪು, ಹಸಿರು ಛಾಯೆ. ತಳದಿಂದ ತುದಿಯವರೆಗೆ ಅದೊಂದೇ ಬಣ್ಣ. 320 ಅಡಿಯಲ್ಲಿ ಒಮ್ಮೆಯೂ ಕಲ್ಲು ಬದಲಾಗಿರಲಿಲ್ಲ.

ಇದು ಈ ಪ್ರಕರಣದ ಮೊದಲ ತಿರುವು. ಅಡ್ಡಲಾಗಿ ಹಾಸಿದ ಪದರವಾಗಿದ್ದರೆ ಇಷ್ಟು ಆಳದೊಳಗೆ ಎಲ್ಲಾದರೂ ಮುಗಿಯುವ ಸಂಭವ ಹೆಚ್ಚು. ಮುಗಿಯಲಿಲ್ಲ ಎಂದರೆ ಅದು ನೆಟ್ಟಗೆ ನಿಂತಿರಬಹುದು. ಗೋಡೆಯ ನೆತ್ತಿಯ ಮೇಲೆ ನಿಂತು ಕೆಳಕ್ಕೆ ಕೊರೆದರೆ ಗೋಡೆಯೇ ಸಿಗುತ್ತದೆ.

ಗೋಡೆ

ಏರಿನ ಮೇಲಿನ ಒಂದು ಉಂಡೆಗಲ್ಲನ್ನು ಸುತ್ತಿಗೆಯಿಂದ ಒಡೆದೆ. ಮೊದಲ ಏಟಿಗೆ ತುಕ್ಕುಬಣ್ಣದ ಸಿಪ್ಪೆ ಬೆರಳ ದಪ್ಪಕ್ಕೆ ಕಳಚಿತು. ಎರಡನೆಯ ಸಿಪ್ಪೆ, ಮೂರನೆಯದು, ಈರುಳ್ಳಿ ಬಿಡಿಸಿದಂತೆ. ಒಳಗಿನ ಗಟ್ಟಿಗೆ ಏಟು ಬಿದ್ದಾಗ ದನಿಯೇ ಬೇರೆ, ಕಂಚಿನ ಪಾತ್ರೆಯಂತೆ ಠಣ್ ಎಂದಿತು. ಒಡೆದ ಮುಖ ನೀಲಿಗಪ್ಪು. ಭೂತಗನ್ನಡಿ ಹಿಡಿದರೆ ಸಣ್ಣ ಬಿಳಿಕಡ್ಡಿಗಳು ಅಡ್ಡಾದಿಡ್ಡಿ ಚೆಲ್ಲಿಕೊಂಡಂತೆ ಫೆಲ್ಡ್‌ಸ್ಪಾರ್, ಅವುಗಳ ಸಂದಿಯಲ್ಲಿ ಕಪ್ಪು ಪೈರಾಕ್ಸೀನ್. ಡೋಲರೈಟ್. ಜ್ವಾಲಾಮುಖಿಯ ಬಾಯಿಗೆ ಹೊರಟ ಕರಗಿದ ಶಿಲೆ ನೆಲದ ಬಿರುಕಿನಲ್ಲೇ ಆರಿ ಗಟ್ಟಿಯಾದದ್ದು. ಹಾಗೆ ಬಿರುಕು ತುಂಬಿ ನಿಂತ ಶಿಲೆಯ ಗೋಡೆಗೆ ಡೈಕ್ ಎನ್ನುತ್ತಾರೆ.

ಏರನ್ನು ಅಡ್ಡಲಾಗಿ ಅಳೆದೆವು, ಹೆಚ್ಚುಕಡಿಮೆ 20 ಮೀಟರ್ ಅಗಲ. ನಡುವಿನ ಕಲ್ಲಿನಲ್ಲಿ ಹರಳು ದಪ್ಪ, ಅಂಚಿನ ಕಲ್ಲಿನಲ್ಲಿ ಹರಳು ಕಣ್ಣಿಗೆ ಕಾಣದಷ್ಟು ಸಣ್ಣ. ಬಿಸಿ ಶಿಲೆ ಬಿರುಕಿಗೆ ನುಗ್ಗಿದಾಗ ಎರಡೂ ಬದಿಯ ತಣ್ಣನೆಯ ಬಂಡೆಗೆ ತಾಗಿದ ಭಾಗ ತಟ್ಟನೆ ಆರುತ್ತದೆ, ಹರಳು ಬೆಳೆಯಲು ಹೊತ್ತೇ ಸಿಗುವುದಿಲ್ಲ. ನಡುವಿನದು ನಿಧಾನವಾಗಿ ಆರುತ್ತದೆ. ಈ ಅಂಚು ಸಿಕ್ಕಿದ ಮೇಲೆ ಅನುಮಾನ ಉಳಿಯಲಿಲ್ಲ. ದಿಕ್ಸೂಚಿಯ ಮುಳ್ಳೂ ಏರಿನ ಮೇಲೆ ಸ್ವಲ್ಪ ತಪ್ಪುತ್ತಿತ್ತು, ಈ ಕಲ್ಲಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಾಂತೀಯ ಖನಿಜ ಇರುತ್ತದೆ.

"ಹಾಗಾದರೆ ಇಲ್ಲಿ ಜ್ವಾಲಾಮುಖಿ ಇತ್ತೇ? ಯಾಣದ ಹಾಗೆ?" ಎಂದು ತಮ್ಮ ಕೇಳಿದ. ಯಾಣವನ್ನು ಇದಕ್ಕೆ ಎಳೆದು ತರದವರನ್ನು ನಾನು ಈ ಜಿಲ್ಲೆಯಲ್ಲಿ ಕಂಡಿಲ್ಲ. ಯಾಣದ ಶಿಖರಗಳು ಸುಣ್ಣಶಿಲೆ, ನೀರು ಕರಗಿಸಿ ಕಡೆದದ್ದು. ಕಪ್ಪಗಿರುವುದೆಲ್ಲ ಬೆಂದದ್ದಲ್ಲ. ಭಸ್ಮಾಸುರನ ಕಥೆ ಚೆನ್ನಾಗಿದೆ, ಅದನ್ನು ಕಥೆಯಾಗಿಯೇ ಇಟ್ಟುಕೊಳ್ಳೋಣ ಎಂದೆ.

ಆದರೆ ಅವನ ಪ್ರಶ್ನೆಯ ಇನ್ನರ್ಧ ನ್ಯಾಯವಾದದ್ದು. ಜ್ವಾಲಾಮುಖಿ ಎಂದರೆ ತುದಿಯಲ್ಲಿ ಬಾಯಿ ಇರುವ ಶಂಕುವಿನಂಥ ಬೆಟ್ಟ ಎಂದು ನಾವು ಚಿತ್ರದಲ್ಲಿ ನೋಡಿ ಕಲಿತಿದ್ದೇವೆ. ಲಾವಾ ಬಹಳ ಸಲ ಉಕ್ಕುವುದು ಮೈಲುಗಟ್ಟಲೆ ಉದ್ದದ ಬಿರುಕಿನಿಂದ. ಐಸ್‌ಲ್ಯಾಂಡಿನ ಲಾಕಿ ಎಂಬಲ್ಲಿ 1783ರಲ್ಲಿ ಸುಮಾರು 27 ಕಿಲೋಮೀಟರ್ ಉದ್ದದ ಬಿರುಕು ಎಂಟು ತಿಂಗಳು ಲಾವಾ ಕಕ್ಕಿತು. ನಮ್ಮ ಬೆಳಗಾವಿಯಿಂದ ಉತ್ತರಕ್ಕೆ ಹರಡಿರುವ ದಖ್ಖನ್ ಲಾವಾ ಹಾಸು ಕೂಡ ಹೆಚ್ಚಾಗಿ ಇಂಥ ಬಿರುಕುಗಳಿಂದಲೇ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಪದರದ ಮೇಲೆ ಪದರವಾಗಿ ಉಕ್ಕಿದ್ದು. ಇಂದು ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಬಿರುಕಿನಲ್ಲಿ ಉಳಿದ ಕೊನೆಯ ಲಾವಾ ಆರಿದರೆ ಡೈಕ್. ಮೇಲಿನದೆಲ್ಲ ಸವೆದುಹೋದ ಮೇಲೂ ಈ ಬೇರು ಉಳಿಯುತ್ತದೆ, ಮನೆ ಬಿದ್ದರೂ ಪಾಯ ಉಳಿದಂತೆ.

ಕರ್ನಾಟಕದ ಡೈಕ್‌ಗಳೆಲ್ಲ ಒಂದೇ ಕಾಲದವಲ್ಲ. ಬೆಂಗಳೂರು ಸುತ್ತಿನ ದೊಡ್ಡ ಗುಂಪಿಗೆ ಸುಮಾರು 237 ಕೋಟಿ ವರ್ಷ. ಇನ್ನು ಕೆಲವಕ್ಕೆ ಸುಮಾರು 9 ಕೋಟಿ, ಎಂದರೆ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಯಿಂದ ಬೇರ್ಪಟ್ಟ ಕಾಲ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳೂ ಹೆಚ್ಚುಕಡಿಮೆ ಅದೇ ಹೊತ್ತಿನವು. ಇಪ್ಪತ್ತಾರು ಪಟ್ಟು ವಯಸ್ಸಿನ ಅಂತರವಿರುವ ಎರಡು ಡೈಕ್‌ಗಳನ್ನು ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಅಕ್ಕತಂಗಿಯರಂತೆ ಕಾಣುತ್ತವೆ. ವಯಸ್ಸು ಹೇಳುವುದು ಪ್ರಯೋಗಾಲಯದ ಕೆಲಸ. ತಮ್ಮನಿಗೆ ಬೇಕಾಗಿದ್ದದ್ದು ಅದಲ್ಲ, ನೀರು.

ಈ ಡೈಕ್ ಕಣಿವೆಗೆ ಅಡ್ಡಲಾಗಿ ನಿಂತಿತ್ತು, ಎರಡೂ ಬೆಟ್ಟಗಳ ಒಳಗೆ ಹೊಕ್ಕು. ಬೆಟ್ಟದಿಂದ ಇಳಿದ ಅಂತರ್ಜಲ ಅಣ್ಣನ ತೋಟದ ಅಡಿಯಲ್ಲಿ ಸರಿದು ಬಂದು ಇದಕ್ಕೆ ತಾಗಿ ನಿಲ್ಲುತ್ತಿತ್ತು. ಎಂಜಿನಿಯರ್ ಕಟ್ಟದ ಅಣೆಕಟ್ಟು. ಎಲ್ಲ ಡೈಕ್‌ಗಳೂ ಹೀಗಲ್ಲ; ಕೆಲವು ಒಳಗೇ ಬಿರಿದು ನೀರು ಹರಿಸುತ್ತವೆ. ಇದು ಯಾವ ಬಗೆಯದು ಎಂದು ತಿಳಿಯಲು ಪರೀಕ್ಷೆ ಬೇಕಿತ್ತು, ಪರೀಕ್ಷೆಗೆ ಅಣ್ಣನ ಬಾವಿ ಬೇಕಿತ್ತು.

ಅಲ್ಲಿ ದಾರಿ ಮಾಡಿಕೊಟ್ಟವರು ಆಯಿ. ಕಿವಿ ಮಂದವಾಗಿದೆ, ನೆನಪು ಮಂದವಾಗಿಲ್ಲ. "ಅಬ್ಬಿ, ಮುಂಡಿಗೆ ಹಿಂಡಲು, ಹಳೇ ಕೆರೆ, ಚೌಡಿಕಟ್ಟೆ, ಇಷ್ಟೂ ಒಂದೇ ಸಾಲಿನಲ್ಲಿವೆ. ನಾನು ಮದುವೆಯಾಗಿ ಬಂದಾಗಿನಿಂದ ನೋಡಿದ್ದೇನೆ. ಆ ಸಾಲಿನ ಮೇಲ್ಗಡೆ ಬೇಸಿಗೆಯಲ್ಲೂ ಕಾಲಿಗೆ ಕೆಸರು, ಕೆಳಗಡೆ ಚಪ್ಪಲಿಗೆ ಧೂಳು" ಎಂದರು. ನಕ್ಷೆಯ ಮೇಲೆ ಗುರುತು ಹಾಕಿ ನೋಡಿದರೆ ಡೈಕಿನ ಮೇಲ್ಮಗ್ಗುಲು ಗೆರೆ ಎಳೆದಂತೆ ಹಾಯ್ದಿತ್ತು. ಮೂರು ಬೋರ್‌ವೆಲ್‌ಗಳ ಹಣ ಉಳಿಸಬಹುದಾಗಿದ್ದ ಮಾತು ಜಗಲಿಯ ಮೇಲೆಯೇ ಕುಳಿತಿತ್ತು. ಕೇಳಿದವರಿಲ್ಲ, ನಾನೂ ಸೇರಿ.

ಆಯಿ ಹೇಳಿದ್ದಕ್ಕೇ ಅಣ್ಣ ಒಪ್ಪಿದರು. 2023ರ ಜನವರಿಯಲ್ಲಿ ಅವರ ಬಾವಿಯ ಮೋಟಾರನ್ನು ನಾಲ್ಕು ಗಂಟೆ ಓಡಿಸಿ ಎರಡೂ ಬಾವಿಗಳ ಮಟ್ಟ ಅಳೆದೆವು. ಅಣ್ಣನದು ಮೂರೂವರೆ ಅಡಿ ಇಳಿಯಿತು. ತಮ್ಮನ ಬಾವಿಯಲ್ಲಿ ಆಗಿನ್ನೂ ತಳದಲ್ಲಿ ಒಂದಿಷ್ಟು ನೀರಿತ್ತು, ಅದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಗೋಡೆ ಬಿಗಿಯಾಗಿತ್ತು. ಅಣ್ಣ ಎಷ್ಟು ನೀರೆತ್ತಿದರೂ ಅದು ತಮ್ಮನ ಬಾವಿಯದಲ್ಲ ಎಂದು ಅಂದು ಇಬ್ಬರ ಎದುರಿಗೇ ಸಾಬೀತಾಯಿತು. ತಮ್ಮ ಟೇಪನ್ನು ಮೂರು ಸಲ ಇಳಿಬಿಟ್ಟು ನೋಡಿದ. ಏನೂ ಹೇಳಲಿಲ್ಲ.

ಕಲ್ಲಿಗೆ ಬಂದ ಬೆಲೆ

ಉಪಾಯ ಇಲ್ಲದೆ ಇರಲಿಲ್ಲ. ಸರ್ವೆ ನಕ್ಷೆ ಹರಡಿ ಬಾಂದುಕಲ್ಲು ಹುಡುಕಿದಾಗ ಒಂದು ಸಂಗತಿ ಹೊರಬಿತ್ತು. ಏರಿನ ಮೇಲ್ಮಗ್ಗುಲಲ್ಲಿ, ಮುಂಡಿಗೆ ಪೊದೆಗಳ ನಡುವೆ, ಒಂದೂವರೆ ಗುಂಟೆಯಷ್ಟು ಮೂಲೆ ತಮ್ಮನ ಪಾಲಿನದೇ. ಕಲ್ಲುಮುಳ್ಳು ಎಂದು ಯಾರೂ ಆ ಕಡೆ ಕಾಲಿಟ್ಟಿರಲಿಲ್ಲ. ಅಣೆಕಟ್ಟಿನ ತುಂಬಿದ ಬದಿಯಲ್ಲಿ ಅವನಿಗೂ ಜಾಗವಿತ್ತು. ಅಲ್ಲಿ ಬೋರ್ ಹೊಡೆದರೆ ನೀರು ಖಂಡಿತ. ಆದರೆ ಅದು ಅಣ್ಣನ ಬಾವಿಯ ನೀರೇ ಎಂಬುದೂ ಖಂಡಿತ. ಕಾಗದದ ಮೇಲೆ ತಮ್ಮನ ಹಕ್ಕು ಗಟ್ಟಿ. ನಾನು ಬೇಡ ಎಂದೆ. ಆಳದ ಬೋರ್ ಒಮ್ಮೆ ಕುಳಿತರೆ ಯಾರು ಎಷ್ಟು ಎಳೆದರು ಎಂಬ ಲೆಕ್ಕ ಉಳಿಯುವುದಿಲ್ಲ. ಎರಡು ಬೇಸಿಗೆಯಲ್ಲಿ ಅಣ್ಣನೂ ಒಂದು ಹೊಡೆಸುತ್ತಾರೆ, ಆಮೇಲೆ ಇಬ್ಬರೂ ಪೈಪು ಇಳಿಸುತ್ತ ಹೋಗುತ್ತಾರೆ. ತಮ್ಮನಿಗೆ ಇದು ಅಣ್ಣನ ಪರ ವಕಾಲತ್ತಿನಂತೆ ಕೇಳಿಸಿತು. ಆ ಮಳೆಗಾಲವಿಡೀ ಫೋನು ಬರಲಿಲ್ಲ.

ನವೆಂಬರ್‌ನಲ್ಲಿ ಬಂತು. ಜಲ್ಲಿ ಕ್ರಷರಿನವರೊಬ್ಬರು ಏರಿನ ಕಲ್ಲು ಕೇಳಿದ್ದಾರಂತೆ. ಈ ಕರಿಕಲ್ಲು ಜಲ್ಲಿಗೆ ಬಹಳ ಒಳ್ಳೆಯದು, ಗಟ್ಟಿ. ಪರವಾನಗಿಯ ಓಡಾಟ ತಾವೇ ನೋಡಿಕೊಳ್ಳುತ್ತಾರೆ, ಏರಿನ ಮೇಲಿನ ಚೌಡಿ ದೇವಿಯನ್ನು ಬೇರೆ ಕಡೆ ಕೂರಿಸಿಯೂ ಕೊಡುತ್ತಾರೆ. ಬೋರ್‌ವೆಲ್ ಸಾಲ ಪೂರ್ತಿ ತೀರಿ ಇನ್ನೂ ಉಳಿಯುವಷ್ಟು ಮೊತ್ತ. "ನೀರು ಕೊಡದ ಕಲ್ಲು ದುಡ್ಡಾದರೂ ಕೊಡಲಿ ಮಾಸ್ತರರೇ. ಗೋಡೆ ತೆಗೆದರೆ ನೀರೂ ಕೆಳಗೆ ಬರುತ್ತದಲ್ಲ?" ಎಂದ.

ಪ್ರಶ್ನೆ ದಡ್ಡತನದ್ದಲ್ಲ. ಉತ್ತರ ಅದೇ ಡೈಕಿನ ಇನ್ನೊಂದು ತುದಿಯಲ್ಲಿತ್ತು. ಅರ್ಧ ಕಿಲೋಮೀಟರ್ ಆಚೆ, ಬೆಟ್ಟದ ಮಗ್ಗುಲಲ್ಲಿ, ಮತ್ತೊಬ್ಬರು 2022ರ ಡಿಸೆಂಬರ್‌ನಲ್ಲಿ ತೋಟಕ್ಕೆ ಜೀಪು ಇಳಿಯಲೆಂದು ಜೆಸಿಬಿಯಿಂದ ಏರನ್ನು ಕಡಿದಿದ್ದರು. ಕಡಿದ ಜಾಗದಿಂದ ನೀರು ಚಿಮ್ಮಿತು. ಜನ ನೋಡಲು ಹೋದರು, ಅರಿಶಿನ ಕುಂಕುಮ ಏರಿಸಿದರು, ಮೊಬೈಲಿನಲ್ಲಿ ವಿಡಿಯೊ ಓಡಾಡಿತು. ಮೂರು ವಾರ ಹರಿದು ನಿಂತಿತು. ಮರುಮಾರ್ಚ್‌ನಲ್ಲಿ ಅದರ ಮೇಲ್ಗಡೆಯ ಮೂರು ಮನೆಗಳಿಗೆ ದಂಬೆಯಲ್ಲಿ ಬರುತ್ತಿದ್ದ ಅಬ್ಬಿ ಬತ್ತಿತು. 2022ರ ಮಳೆ ಕೆಟ್ಟದಾಗಿರಲಿಲ್ಲ, ಬರದ ಮೇಲೆ ಹೊರಿಸುವಂತಿರಲಿಲ್ಲ. ಆಗ ಈ ಎರಡನ್ನೂ ಜೋಡಿಸಿ ನೋಡಿದವರು ಯಾರೂ ಇರಲಿಲ್ಲ. ನಾನು ತಮ್ಮನನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಕಡಿದ ಗೋಡೆಯಲ್ಲಿ ಕಂಬಗಳಂಥ ಸೀಳುಗಳು ಅಡ್ಡಡ್ಡ ಮಲಗಿದ್ದವು, ಕಟ್ಟಿಗೆ ಒಟ್ಟಿದಂತೆ. ಆರುವಾಗ ಕುಗ್ಗಿ ಬಿರಿದದ್ದು. ತಣ್ಣನೆಯ ಬದಿಗೆ ಲಂಬವಾಗಿ ಬಿರಿಯುತ್ತದೆ, ಆದ್ದರಿಂದ ನಿಂತ ಡೈಕಿನಲ್ಲಿ ಕಂಬಗಳು ಮಲಗಿರುತ್ತವೆ. ಡೈಕಿನ ಮೇಲ್ಮಗ್ಗುಲಿನ ನೈಸ್ ಶಿಲೆ ಪುಡಿಪುಡಿಯಾಗಿ ಬಿರಿದಿತ್ತು. ನೀರು ಇದ್ದದ್ದು ಆ ಬಿರುಕುಗಳಲ್ಲಿ. ಈಗ ಅಲ್ಲಿ ಜೇಡರ ಬಲೆ.

ಹಿಂದಿರುಗುವಾಗ ಅವನಿಗೆ ಓವಾಹು ದ್ವೀಪದ ಕಥೆ ಹೇಳಿದೆ. ಹವಾಯಿಯ ಈ ದ್ವೀಪದಲ್ಲಿ ಕೂಲಾವು ಎಂಬ ಹಳೆಯ ಜ್ವಾಲಾಮುಖಿಯ ಬೆಟ್ಟಸಾಲಿದೆ. ಅದರೊಳಗೆ ಡೈಕ್‌ಗಳು ಪುಸ್ತಕದ ಹಾಳೆಗಳಂತೆ ನಿಂತಿವೆ, ಹಾಳೆಗಳ ನಡುವೆ ಮಳೆನೀರು ಸಮುದ್ರಮಟ್ಟಕ್ಕಿಂತ ಬಹಳ ಮೇಲೆ ನಿಂತಿರುತ್ತದೆ. 1913ರಿಂದ 1916ರ ನಡುವೆ ಕಬ್ಬಿನ ತೋಟದವರು ಮಳೆಯ ಕಡೆಯಿಂದ ಒಣ ಕಡೆಗೆ ನೀರೊಯ್ಯಲು ಬೆಟ್ಟ ಕೊರೆದು ವಾಯಾಹೋಲೆ ಸುರಂಗ ತೋಡಿದರು. ಡೈಕ್ ತೂತಾದಾಗೆಲ್ಲ ನೀರು ನುಗ್ಗಿತು. ಅದು ತಲೆಮಾರುಗಳಿಂದ ಕೂಡಿಟ್ಟ ಗಂಟು, ವರ್ಷದ ಆದಾಯವಲ್ಲ. ಗಂಟು ಕರಗಿತು, ಮಳೆಯ ಕಡೆಯ ಹಳ್ಳಗಳು ಸೊರಗಿದವು. ಹಳ್ಳದ ನೀರು ಹಳ್ಳಕ್ಕೆ ಬರಬೇಕೆಂದು ಅಲ್ಲಿಯ ರೈತರು ಹೂಡಿದ ವ್ಯಾಜ್ಯ 2000ರಲ್ಲಿ ಹವಾಯಿಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ವ್ಯಾಜ್ಯದ ಸುದ್ದಿ ಬಂದಾಗ ತಮ್ಮ ಕಿವಿ ನಿಮಿರಿಸಿದ. ಎಂಬತ್ತಕ್ಕೂ ಹೆಚ್ಚು ವರ್ಷ ಎಂದದ್ದಕ್ಕೆ, "ನಮ್ಮದಕ್ಕಿಂತ ಹಳೇ ತಂಟೆ" ಎಂದ.

ಅದೇ ದಿನಗಳಲ್ಲಿ ಟಿವಿಯಲ್ಲಿ ಐಸ್‌ಲ್ಯಾಂಡಿನ ಗ್ರಿಂಡವಿಕ್ ಊರು ಬರುತ್ತಿತ್ತು. 2023ರ ನವೆಂಬರ್ 10ರಂದು ಕೆಲವೇ ಗಂಟೆಗಳಲ್ಲಿ ಸುಮಾರು 15 ಕಿಲೋಮೀಟರ್ ಉದ್ದದ ಡೈಕ್ ಆ ಊರಿನ ಅಡಿಯಲ್ಲಿ ನುಗ್ಗಿ ರಸ್ತೆಗಳು ಸೀಳಿದವು, ಸುಮಾರು 3,800 ಜನರನ್ನು ರಾತ್ರೋರಾತ್ರಿ ತೆರವು ಮಾಡಿಸಿದರು. ಡಿಸೆಂಬರ್ 18ಕ್ಕೆ ಲಾವಾ ಉಕ್ಕಿತು. ಅಣ್ಣನ ಮನೆಯಲ್ಲಿ ಅದನ್ನು ನೋಡುತ್ತ ಕುಳಿತಿದ್ದ ಹುಡುಗನೊಬ್ಬ ಆಯಿಗೆ ಕೂಗಿ ಹೇಳಿದನಂತೆ, "ಆಯಿ, ನಮ್ಮ ಚೌಡಿಕಟ್ಟೆ ಕಲ್ಲು ಹೀಗೇ ಬಂದದ್ದಂತೆ!" ಆಯಿ, "ಆಗಲಿ, ಈಗ ತಣ್ಣಗಿದೆಯಲ್ಲ" ಎಂದರಂತೆ.

ಕಲ್ಲು ಮಾರಾಟ ನಿಂತದ್ದು ನನ್ನ ಕಥೆಯಿಂದ ಎಂದು ಹೇಳಿಕೊಳ್ಳಲು ಆಸೆಯಿದೆ. ನಿಜವೆಂದರೆ ಆ ಒಣ ಅಬ್ಬಿಯ ಮನೆಯವರೊಬ್ಬರು ತಮ್ಮನಿಗೆ ಬೀಗರು. ಅವರು ಬಿಂದಿಗೆ ಹೊತ್ತು ಹೋಗುವುದನ್ನು ಅವನು ಕಣ್ಣಾರೆ ನೋಡಿದ.

ಪೈಪಿನ ಬಾಯಿ

2024ರ ಜನವರಿಯಲ್ಲಿ ಒಂದು ಒಪ್ಪಂದವಾಯಿತು. ತಮ್ಮನ ಆ ಮೂಲೆಯಲ್ಲಿ ಬೋರ್ ಬೇಡ, 17 ಅಡಿಯ ಹೊಂಡ ತೋಡುವುದು. ಅಲ್ಲಿಂದ ಏರು ದಾಟಿಸಿ ಒಂದೂವರೆ ಇಂಚಿನ ಪೈಪಿನಲ್ಲಿ ಸೈಫನ್ ಮಾಡಿ ಕೆಳಗಿನ ತೋಟದ ಟ್ಯಾಂಕಿಗೆ ಇಳಿಸುವುದು. ನೀರು ತುಂಬಿದ ಪೈಪು ಏರು ಹತ್ತಿ ಆಚೆಯ ತಗ್ಗಿಗೆ ತಾನೇ ನೀರೆಳೆಯುತ್ತದೆ; ಕರೆಂಟೂ ಬೇಡ, ಮೋಟಾರೂ ಬೇಡ. ಈ ಸೀಮೆಯ ಯಾವ ಕೃಷಿಕನಿಗೂ ಸೈಫನ್ ಹೊಸದಲ್ಲ. ಗೊತ್ತಿರಬೇಕಾದದ್ದು ಎರಡು: ನೀರಿನ ಮಟ್ಟದಿಂದ ಏರಿನ ನೆತ್ತಿಗೆ 22 ಅಡಿ ದಾಟಿದರೆ ಪೈಪು ಗಾಳಿ ಹಿಡಿಯತೊಡಗುತ್ತದೆ, ಜೋಡಣೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಹಿಡಿಯುತ್ತದೆ. ಹೊಂಡದ ಬಳಿ ನೆಲದಿಂದ ನೆತ್ತಿಗೆ ಆರು ಅಡಿ ಏರು. ಪೈಪಿನ ಬಾಯಿಯನ್ನು ನೆಲದಿಂದ 14 ಅಡಿ ಕೆಳಗಿಟ್ಟರೆ ಒಟ್ಟು 20. ನಡೆಯುತ್ತದೆ.

ಸೈಫನ್ನಿನ ಗುಣವೊಂದಿದೆ. ನೀರು ಪೈಪಿನ ಬಾಯಿಗಿಂತ ಕೆಳಗಿಳಿದರೆ ಗಾಳಿ ನುಗ್ಗಿ ತಾನೇ ಕಡಿಯುತ್ತದೆ, ಯಾರ ಅಪ್ಪಣೆಯನ್ನೂ ಕಾಯುವುದಿಲ್ಲ. ಆದ್ದರಿಂದ ಒಪ್ಪಂದದ ಜೀವ ಇದ್ದದ್ದು ಒಂದೇ ಪ್ರಶ್ನೆಯಲ್ಲಿ: ಬಾಯಿ ಎಷ್ಟು ಕೆಳಗಿರಬೇಕು? ಅಣ್ಣ ಸ್ವಂತ ಬಾವಿಯಲ್ಲಿ ಹತ್ತು ಅಡಿ ನೀರು ಉಳಿಯಬೇಕೆಂದರು. ತಮ್ಮ ಐದು ಸಾಕೆಂದ. ಎರಡು ಸಂಜೆ ಹೋಯಿತು. ಮೂರನೆಯ ಸಂಜೆ ಅತ್ತಿಗೆ ಒಳಗಿನಿಂದ ಬಂದು ಲೆಕ್ಕ ಹೇಳಿದರು. ಮೋಟಾರು ನೀರು ಹೀರುವ ಬಾಯಿ, ಫುಟ್‌ವಾಲ್ವ್, ತಳದಿಂದ ಮೂರು ಅಡಿಗಿದೆ, ಅದರ ಕೆಳಗಿನದು ಹೇಗೂ ಯಾರಿಗೂ ಇಲ್ಲ. ಮನೆಗೆ, ಕೊಟ್ಟಿಗೆಗೆ ಮಳೆ ಹಿಡಿಯುವವರೆಗೆ ನಾಲ್ಕು ಅಡಿ ಬೇಕು. "ಏಳು. ಅದರ ಮೇಲೆ ನಿಮ್ಮಿಬ್ಬರ ತೋಟ. ಏಳರ ಕೆಳಗೆ ಅಡುಗೆಮನೆ." ಅಲ್ಲಿಗೆ ಮುಗಿಯಿತು.

ಆ ಏಳು ಅಡಿಯ ಮಟ್ಟವನ್ನು ಬಾವಿಯಿಂದ ಹೊಂಡಕ್ಕೆ ಒಯ್ದದ್ದು ಗಾರೆಯವನ ಪಾರದರ್ಶಕ ಪೈಪು. ನೀರು ತುಂಬಿ ಎರಡು ತುದಿ ಹಿಡಿದರೆ ಎರಡೂ ಕಡೆ ಒಂದೇ ಮಟ್ಟ. ಪೈಪು ಐವತ್ತು ಅಡಿಯದು, ದೂರ ಇನ್ನೂರು ಅಡಿ, ಆದ್ದರಿಂದ ಗೂಟದಿಂದ ಗೂಟಕ್ಕೆ ನಾಲ್ಕು ಸಲ. ಒಂದು ತುದಿ ಅಣ್ಣನ ಕೈಯಲ್ಲಿ, ಇನ್ನೊಂದು ತಮ್ಮನ ಕೈಯಲ್ಲಿ. "ಇನ್ನೂ ಸ್ವಲ್ಪ ಮೇಲೆ", "ನಿಲ್ಲು, ಗುಳ್ಳೆ ಇದೆ". ನಾಲ್ಕು ವರ್ಷಗಳಲ್ಲಿ ಅವರು ಆಡಿದ ಮೊದಲ ಮಾತುಗಳು ಇವು ಎಂದು ಅತ್ತಿಗೆ ಆಮೇಲೆ ಹೇಳಿದರು. ಮಟ್ಟ ಬಂದು ನಿಂತದ್ದು 14 ಅಡಿಗೆ ಎರಡು ಬೆರಳು ಕಡಿಮೆ. ಬಾವಿಯ ಒಳಗೋಡೆಗೆ ಕೆಂಪು ಬಣ್ಣದಲ್ಲಿ ಗೆರೆ ಬಳಿದೆವು.

ಅಂಥ ವರ್ಷವೇ ಪರೀಕ್ಷೆಗೆ ಬರಬೇಕೆ! 2023ರ ಮುಂಗಾರು ಕೈಕೊಟ್ಟು ರಾಜ್ಯವೇ ಬರದಲ್ಲಿತ್ತು. ಫೆಬ್ರವರಿ, ಮಾರ್ಚ್ ಪೂರ್ತಿ ಸೈಫನ್ ಹರಿಯಿತು; ರಾತ್ರಿ ಬಿಟ್ಟರೆ ಬೆಳಗಿನ ಹೊತ್ತಿಗೆ ಹತ್ತು ಸಾವಿರ ಲೀಟರ್ ಟ್ಯಾಂಕು ತುಂಬುತ್ತಿತ್ತು. ತಮ್ಮ ಎರಡು ಎಕರೆಗೆ ಹನಿ ನೀರಾವರಿ ಕೊಟ್ಟ. ಏಪ್ರಿಲ್ ಮೂರನೆಯ ವಾರ ಪೈಪು ಗೊರಗೊರ ಎಂದು ಕಡಿಯಿತು. ನೀರು ಕೆಂಪು ಗೆರೆಗೆ ಬಂದಿತ್ತು. ಅಣ್ಣ ಮೋಟಾರು ನಿಲ್ಲಿಸಬೇಕಿತ್ತು, ಎರಡು ದಿನ ನಿಲ್ಲಿಸಲಿಲ್ಲ. ಜಗಳವಾಯಿತು, ಜೋರಾಗಿಯೇ ಆಯಿತು. ಸೈಫನ್ ತಾನೇ ನಿಲ್ಲುತ್ತದೆ, ಮೋಟಾರು ನಿಲ್ಲುವುದಿಲ್ಲ. ಈ ಅಸಮವನ್ನು ನಾನು ಮುಂಚೆ ಯೋಚಿಸಿರಲಿಲ್ಲ. ಆಮೇಲೆ ಮೋಟಾರಿನ ಫುಟ್‌ವಾಲ್ವನ್ನೂ ಕೆಂಪು ಗೆರೆಯ ಮಟ್ಟಕ್ಕೆ ಎತ್ತಿ ಕಟ್ಟಿಸಿದೆವು, ಮನೆಬಳಕೆಗೆ ಬೇರೆ ಸಣ್ಣ ಪಂಪು ಇಟ್ಟೆವು. ಮೊದಲೇ ಮಾಡಿದ್ದರೆ ಒಂದು ಜಗಳ ಉಳಿಯುತ್ತಿತ್ತು. ಆ ಬೇಸಿಗೆ ತಮ್ಮನ ತೋಟದಲ್ಲಿ ಸುಮಾರು ಅರವತ್ತು ಮರಗಳ ಹಿಂಗಾರ ಒಣಗಿತು. ಮರ ಸಾಯಲಿಲ್ಲ.

ಈ ಕೆಲಸದ ನಂತರ ನನ್ನ ಕ್ರಮ ತಲೆಕೆಳಗಾಗಿದೆ. ಎಲ್ಲಿಗೆ ಕರೆದರೂ ಮೊದಲು ಸೋತ ಬೋರ್‌ವೆಲ್‌ಗಳ ರಾಶಿ ಕೆದಕುತ್ತೇನೆ, ಆಮೇಲೆ ಬಾವಿಗಳ ಮಟ್ಟ, ಆಮೇಲೆ ಮನೆಯ ಹಿರಿಯ ಹೆಂಗಸರ ಮಾತು. ಕಡ್ಡಿ ಊರುವುದು ಎಲ್ಲಕ್ಕಿಂತ ಕೊನೆಗೆ. ಕರಿಕಲ್ಲಿನ ಉಂಡೆಗಳು ಗೆರೆ ಹಿಡಿದಂತೆ ಸಾಲಾಗಿ ಬಿದ್ದಿದ್ದರೆ ಆ ಸಾಲಿನ ಎರಡೂ ಬದಿಯ ನೀರಿನ ಮಟ್ಟವನ್ನು ಒಂದೇ ದಿನ ಅಳೆಯದೆ ಬೋರ್ ಜಾಗ ಹೇಳುವುದಿಲ್ಲ, ಕಲ್ಲು ಒಡೆಯಿರಿ ಎಂದೂ ಹೇಳುವುದಿಲ್ಲ.

ಬೆಟ್ಟದಲ್ಲಿ ಇಬ್ಬರೂ ಸೇರಿ 2024ರ ಮಳೆಗೆ ಮುಂಚೆ ಇಂಗುಗುಂಡಿ ತೆಗೆಸಿದರು, ಕೂಲಿ ಅರ್ಧರ್ಧ. 2025ರಲ್ಲಿ ಮೇ ಕೊನೆಗೇ ಮಳೆ ಹಿಡಿದದ್ದರಿಂದ ಗುಂಡಿಗಳ ಗುಣವೋ ಮಳೆಯ ಗುಣವೋ ಬೇರ್ಪಡಿಸಿ ಹೇಳುವಂತಿಲ್ಲ. ಆ ಬೇಸಿಗೆ ಸೈಫನ್ ಕಡಿಯಲೇ ಇಲ್ಲ. ಬೋರ್‌ವೆಲ್ ಸಾಲದ ಎರಡು ಕಂತು ಇನ್ನೂ ಬಾಕಿಯಿದೆ. ಕ್ರಷರಿನವರು ಮತ್ತೊಮ್ಮೆ ಬಂದು ಹೋದರು, ಈ ಸಲ ಬೆಲೆ ಹೆಚ್ಚಿಸಿ. ತಮ್ಮ ಅವರನ್ನು ಹೊಂಡದ ಹತ್ತಿರ ಕರೆದೊಯ್ದು ನೀರು ತೋರಿಸಿ, ಚಹಾ ಕೊಟ್ಟು ಕಳಿಸಿದ.